ಮರೆವಿನ ಕಾಯಿಲೆ ಒಂದೇ ಬಗೆಯದಲ್ಲ: ಡಿಮೆನ್ಷಿಯಾ ಬಗ್ಗೆ ಮನೆಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಇಬ್ಬರಿಗೆ ಡಿಮೆನ್ಷಿಯಾ ಬಂತು. ಮೊದಲು ಅತ್ತೆಗೆ, ಆಮೇಲೆ ಶಿವಮೊಗ್ಗದಲ್ಲಿದ್ದ ನನ್ನ ಅಪ್ಪನಿಗೆ. ಅತ್ತೆಯದು ಅಲ್ಜೈಮರ್ಸ್, ಅಪ್ಪನದು ಲೂಯಿ ಬಾಡಿ ಎಂಬ ಇನ್ನೊಂದು ಬಗೆ. ಅತ್ತೆಯನ್ನು ನೋಡಿಕೊಂಡ ಅನುಭವ ಇದೆಯಲ್ಲ ಎಂಬ ಧೈರ್ಯದಲ್ಲಿ ಅಪ್ಪನನ್ನೂ ಹಾಗೇ ನೋಡಿಕೊಳ್ಳಲು ಹೋದೆ. ಅದರಿಂದ ಅವರು ಅನುಭವಿಸಬೇಕಿಲ್ಲದ ಕಷ್ಟ ಅನುಭವಿಸಿದರು. ನಾನು ವೈದ್ಯೆ ಅಲ್ಲ. ಆದರೆ ಕೆಲವು ವರ್ಷಗಳಿಂದ ಇಂಥ ಮನೆಗಳವರ ಜೊತೆ ಕೂತು ಮಾತಾಡುತ್ತಿದ್ದೇನೆ. ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ವಯಸ್ಸಾದ ಮೇಲೆ ಮರೆವು ಇದ್ದದ್ದೇ ಅಲ್ವಾ? "ಅರವತ್ತಕ್ಕೆ ಅರಳು ಮರಳು" ಅಂತಾರಲ್ಲ?

ಈ ಗಾದೆ ನಮ್ಮಲ್ಲಿ ಎಷ್ಟೋ ಜನರಿಗೆ ಚಿಕಿತ್ಸೆ ತಡವಾಗುವ ಹಾಗೆ ಮಾಡಿದೆ. ವಯಸ್ಸಾದಂತೆ ನೆನಪು ನಿಧಾನ ಆಗುವುದು ನಿಜ. ಮದುವೆಮನೆಯಲ್ಲಿ ಸಿಕ್ಕವರ ಹೆಸರು ಬಾಯಿಗೆ ಬಾರದೆ, ಮನೆಗೆ ಬಂದ ಮೇಲೆ ಹೊಳೆಯುತ್ತದೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುತ್ತೇವೆ. ಅದಕ್ಕೆ ಹೆದರಬೇಕಿಲ್ಲ. ಮದುವೆಗೆ ಹೋಗಿದ್ದೇ ನೆನಪಿಲ್ಲ, ಹೋಗಿದ್ದೆವು ಎಂದು ಹೇಳಿದರೂ ನೆನಪಾಗುವುದಿಲ್ಲ, ಕನ್ನಡಕ ಅಕ್ಕಿ ಡಬ್ಬದಲ್ಲಿ ಸಿಗುತ್ತದೆ ಅಂದರೆ ಡಾಕ್ಟರ ಹತ್ತಿರ ಹೋಗಬೇಕು.

ನಾನು ಮನೆಯವರಿಗೆ ಕೇಳುವುದು ಒಂದೇ: ಅವರು ವರ್ಷಗಟ್ಟಲೆ ಸಲೀಸಾಗಿ ಮಾಡುತ್ತಿದ್ದ ಯಾವುದಾದರೂ ಕೆಲಸ ಈಗ ಕೈ ಕೊಡುತ್ತಿದೆಯಾ? ನನ್ನ ಅತ್ತೆ ಐವತ್ತು ವರ್ಷ ದಿನವೂ ಸಾರಿಗೆ ಒಗ್ಗರಣೆ ಹಾಕಿದವರು. ಒಂದು ಬೆಳಿಗ್ಗೆ ಎಣ್ಣೆ ಕಾದು ಹೊಗೆ ಬರುತ್ತಿತ್ತು. ಅವರು ಸಾಸಿವೆ ಡಬ್ಬಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಮೊದಲು ಇಂಗೋ ಸಾಸಿವೆಯೋ ಗೊತ್ತಾಗುತ್ತಿರಲಿಲ್ಲ. "ಏನೋ ಯೋಚನೆಯಲ್ಲಿದ್ದೆ ಕಣೇ" ಅಂದರು. ನಾನೂ ನಂಬಿದೆ. ಅದಕ್ಕೂ ಮುಂಚೆಯೇ ಬಾಗಿಲ ಮುಂದೆ ಹನ್ನೊಂದು ಚುಕ್ಕಿಯ ರಂಗೋಲಿ ನಿಂತು, ಬರೀ ನಾಲ್ಕು ಗೆರೆ ಎಳೆದು ಒಳಗೆ ಬರುತ್ತಿದ್ದರು. ಮಂಡಿನೋವು ಅಂದುಕೊಂಡಿದ್ದೆವು.

ಡಿಮೆನ್ಷಿಯಾ, ಅಲ್ಜೈಮರ್ಸ್ ಎರಡೂ ಒಂದೇನಾ?

ಅಲ್ಲ. ಜ್ವರ ಅನ್ನುವುದಕ್ಕೂ ಡೆಂಗಿ ಅನ್ನುವುದಕ್ಕೂ ಇರುವ ವ್ಯತ್ಯಾಸ ಇಲ್ಲೂ ಇದೆ. ನೆನಪು, ಮಾತು, ಯೋಚನೆ, ನಡವಳಿಕೆ ಕುಗ್ಗುತ್ತಾ ಬಂದು, ಒಬ್ಬರೇ ದಿನ ದೂಡಲಾಗದ ಸ್ಥಿತಿಗೆ ಡಿಮೆನ್ಷಿಯಾ ಅಂತ ಹೆಸರು. ಅದನ್ನು ತರುವ ಕಾಯಿಲೆಗಳು ಹತ್ತಾರು. ಅವುಗಳಲ್ಲಿ ಅಲ್ಜೈಮರ್ಸ್‌ನದೇ ದೊಡ್ಡ ಪಾಲು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಶೇ. 60–70. ನಂತರ ರಕ್ತನಾಳಗಳಿಂದ ಬರುವ ವ್ಯಾಸ್ಕ್ಯುಲರ್, ಲೂಯಿ ಬಾಡಿ, ಮೆದುಳಿನ ಮುಂದಿನ ಮತ್ತು ಪಕ್ಕದ ಭಾಗಗಳನ್ನು ಹಿಡಿಯುವ ಫ್ರಂಟೋಟೆಂಪೊರಲ್. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು ದೇಶದಾದ್ಯಂತ ನಡೆದ ಸಮೀಕ್ಷೆಯೊಂದರ ಅಂದಾಜು.

ಯಾವ ಬಗೆ ಎಂದು ತಿಳಿದು ಆಗುವುದೇನು, ಹೇಗೂ ವಾಸಿಯಾಗಲ್ಲವಲ್ಲ ಎನ್ನುವವರು ತುಂಬ ಜನ. ಮುಂದೆ ಓದಿ. ಒಬ್ಬರಿಗೆ ಕೊಡುವ ಔಷಧಿ ಇನ್ನೊಬ್ಬರಿಗೆ ಅಪಾಯ. ಒಬ್ಬರ ಮನೆಯಲ್ಲಿ ಬೀಗ ಹಾಕಬೇಕಾದದ್ದು ಗೇಟಿಗೆ, ಇನ್ನೊಬ್ಬರ ಮನೆಯಲ್ಲಿ ಬ್ಯಾಂಕ್ ಖಾತೆಗೆ, ಮತ್ತೊಬ್ಬರ ಮನೆಯಲ್ಲಿ ಮೊದಲು ಸರಿಪಡಿಸಬೇಕಾದದ್ದು ಬಚ್ಚಲಮನೆಯ ನೆಲ.

ವಾಸಿಯಾಗುವ ಮರೆವೂ ಇದೆಯಂತೆ, ನಿಜವಾ?

ನಿಜ. ಅದಕ್ಕೇ ಮೊದಲು ಪರೀಕ್ಷೆ ಮಾಡಿಸಿ ಅನ್ನುವುದು. ಬಿ12 ಕೊರತೆ, ಥೈರಾಯ್ಡ್, ರಕ್ತದಲ್ಲಿ ಸೋಡಿಯಂ ಇಳಿಯುವುದು, ಖಿನ್ನತೆ, ನಿದ್ದೆ ಮಾತ್ರೆಗಳ ಅತಿ ಬಳಕೆ, ಕುಡಿತ ಇವೆಲ್ಲ ಡಿಮೆನ್ಷಿಯಾದ ಹಾಗೇ ಕಾಣುತ್ತವೆ. ಮಾಂಸಾಹಾರ ಮುಟ್ಟದ ಮನೆಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕೊರತೆ ಹೆಚ್ಚು. ಸಣ್ಣದೊಂದು ರಕ್ತಪರೀಕ್ಷೆ ಸಾಕು.

ಬಚ್ಚಲಲ್ಲಿ ಜಾರಿ ಬಿದ್ದಿದ್ದರು, ಪೆಟ್ಟೇನೂ ಕಾಣಲಿಲ್ಲ, ಕೆಲವು ವಾರಗಳ ಮೇಲೆ ಮಂಕಾದರು ಅಂದರೆ ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ, ತೆಗೆಯಬಹುದು. ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಡೆಯುವುದು, ಮೂತ್ರ ತಡೆಯಲಾಗದಿರುವುದು, ಮರೆವು ಮೂರೂ ಒಟ್ಟಿಗೆ ಬಂದರೆ ಮೆದುಳಲ್ಲಿ ನೀರು ತುಂಬಿಕೊಂಡಿರಬಹುದು. ಅದಕ್ಕೂ ಶಸ್ತ್ರಚಿಕಿತ್ಸೆ ಇದೆ.

ನಿನ್ನೆ ಸರಿಯಿದ್ದವರು ಇವತ್ತು ಬೆಳಗಾಗುವುದರೊಳಗೆ ಏನೇನೋ ಬಡಬಡಿಸುತ್ತಿದ್ದರೆ ಅದನ್ನು ಡಿಮೆನ್ಷಿಯಾ ಹೆಚ್ಚಾಯ್ತು ಅಂತ ಬಿಡಬೇಡಿ. ಮೂತ್ರದ ಸೋಂಕು, ನ್ಯುಮೋನಿಯಾ, ಮೈಯಲ್ಲಿ ನೀರು ಕಡಿಮೆಯಾಗುವುದು ಸಾಮಾನ್ಯ ಕಾರಣಗಳು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮಮ್ಮ ಶಾಲೆಗೇ ಹೋದವರಲ್ಲ. ಗಡಿಯಾರ ಬರೆಯಿರಿ, ನೂರರಿಂದ ಏಳು ಕಳೆಯಿರಿ ಅಂದರೆ ಹೇಗೆ ಮಾಡ್ತಾರೆ?

ಒಳ್ಳೆಯ ಪ್ರಶ್ನೆ. ಓದಿದವರಿಗಾಗಿ ಮಾಡಿದ ಪರೀಕ್ಷೆಯಲ್ಲಿ ಓದದವರು ಸೋತರೆ ಅದು ಕಾಯಿಲೆಯ ಗುರುತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ನೆನಪು, ಮಾತು, ಗಮನದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಕನ್ನಡದಲ್ಲೇ ಪರೀಕ್ಷೆ ಮಾಡಿ ಎಂದು ನೀವು ಧಾರಾಳವಾಗಿ ಕೇಳಬಹುದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಸಾವಿರಾರು ಜನರ ನೆನಪು, ರಕ್ತ, ನಿದ್ದೆ, ಸ್ಕ್ಯಾನ್ ಎಲ್ಲವನ್ನೂ ವರ್ಷ ವರ್ಷ ಪರೀಕ್ಷಿಸುತ್ತಿದೆ. ನಮ್ಮ ರಾಗಿಮುದ್ದೆ ಉಣ್ಣುವ ಜನರ ಮೆದುಳು ಹೇಗೆ ವಯಸ್ಸಾಗುತ್ತದೆ ಎಂದು ನಮ್ಮ ಊರಲ್ಲೇ ತಿಳಿಯುವ ಕೆಲಸ ಅದು. ನನಗೆ ಅದರ ಬಗ್ಗೆ ತುಂಬ ಗೌರವ.

ಡಾಕ್ಟರ ಹತ್ತಿರ ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವಾಗ ಶುರುವಾಯ್ತು, ಮೊದಲು ಕೆಟ್ಟದ್ದು ಯಾವುದು, ನಿಧಾನವಾಗಿಯೋ ಒಂದೇ ಸಲಕ್ಕೋ. ಯಾವ ಬಗೆ ಎಂದು ಗುರುತಿಸಲು ಎಂಆರ್‌ಐಗಿಂತ ಇದು ಹೆಚ್ಚು ನೆರವಾಗುವುದೂ ಉಂಟು.

ಅಲ್ಜೈಮರ್ಸ್ ಹೇಗೆ ಶುರುವಾಗುತ್ತದೆ?

ಹೊಸ ನೆನಪಿನಿಂದ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಜೈಮರ್ ತಮ್ಮ ರೋಗಿಯೊಬ್ಬರ ಮೆದುಳಿನಲ್ಲಿ ಕಂಡು ಹೇಳಿದ ಎರಡು ಬಗೆಯ ಪ್ರೋಟೀನ್ ಕಸ ಇಂದಿಗೂ ಇದರ ಗುರುತು: ಜೀವಕೋಶಗಳ ಹೊರಗೆ ಅಮಿಲಾಯ್ಡ್ ಗಡ್ಡೆ, ಒಳಗೆ ಟೌ ಗಂಟು. ಲಕ್ಷಣ ಕಾಣುವುದಕ್ಕೆ 15–20 ವರ್ಷ ಮುಂಚೆಯೇ ಅದು ಸೇರಿಕೊಳ್ಳಲು ಶುರುವಾಗಿರುತ್ತದೆ. ಹೊಸದನ್ನು ನೆನಪಿನಲ್ಲಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಮೊದಲು ಸೊರಗುತ್ತದೆ. ಅದಕ್ಕೇ ಬೆಳಗಿನ ತಿಂಡಿ ಮರೆತುಹೋಗಿ, ಮದುವೆಯಾದ ವರ್ಷ ಬಂದ ಬರಗಾಲ ನೆನಪಿರುತ್ತದೆ. "ಬೇಕಾದ್ದು ಮಾತ್ರ ನೆನಪಿರುತ್ತೆ ನಿಮಗೆ" ಅಂತ ನಮ್ಮ ಮನೆಯಲ್ಲೂ ಅತ್ತೆಯನ್ನು ಅಂದಿದ್ದೇವೆ. ಅನ್ನಬಾರದಿತ್ತು.

ಮಾತು ಹೋದ ಮೇಲೂ ಅತ್ತೆ ಆರತಿ ಹಾಡನ್ನು ಒಂದು ಅಕ್ಷರ ತಪ್ಪದೆ ಹಾಡುತ್ತಿದ್ದರು. ಸ್ನಾನಕ್ಕೆ ಬಾರದ ದಿನ ನಾನು ಮೊದಲ ಸಾಲು ಎತ್ತಿಕೊಳ್ಳುತ್ತಿದ್ದೆ. ಎರಡನೇ ಸಾಲಿಗೆ ಅವರು ಎದ್ದಿರುತ್ತಿದ್ದರು.

ಪಾರ್ಶ್ವವಾಯು ಆದ ಮೇಲೆ ಬರುವ ಮರೆವು ಬೇರೆಯಾ?

ಅದು ವ್ಯಾಸ್ಕ್ಯುಲರ್ ಡಿಮೆನ್ಷಿಯಾ. ಮೆದುಳಿನ ರಕ್ತನಾಳ ಕಟ್ಟಿಕೊಂಡೋ ಒಡೆದೋ ಬರುತ್ತದೆ. ಲಕ್ವ ಹೊಡೆಯಲೇಬೇಕೆಂದಿಲ್ಲ, ಹೊರಗೆ ಗೊತ್ತೇ ಆಗದ ಸಣ್ಣ ಸಣ್ಣ ಹೊಡೆತಗಳೂ ಸೇರಿ ಹೀಗಾಗುತ್ತದೆ. ಮೆಟ್ಟಿಲು ಇಳಿದ ಹಾಗೆ ಇಳಿಯುವುದು ಇದರ ರೀತಿ: ಕೆಲವು ತಿಂಗಳು ಹಾಗೇ ಇದ್ದು, ಒಂದು ದಿನ ದಡಕ್ಕನೆ ಒಂದು ಮೆಟ್ಟಿಲು ಕೆಳಗೆ. ಮರೆವಿಗಿಂತ ಯೋಚನೆಯ ನಿಧಾನ ಹೆಚ್ಚು ಕಾಣುತ್ತದೆ. ಸುಳಿವು ಕೊಟ್ಟರೆ ಹಲವು ಸಲ ನೆನಪಾಗುತ್ತದೆ. ಅಲ್ಜೈಮರ್ಸ್‌ನಲ್ಲಿ ಸುಳಿವಿಗೆ ಅಷ್ಟು ಫಲವಿಲ್ಲ. ಕಾರಣವಿಲ್ಲದೆ ಅತ್ತುಬಿಡುವುದೂ ಉಂಟು.

ಮುಂದಿನ ಮೆಟ್ಟಿಲು ಇಳಿಯದಂತೆ ನಾವು ಮಾಡಬಹುದಾದ್ದು ಈ ಬಗೆಯಲ್ಲೇ ಹೆಚ್ಚು. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಹತೋಟಿ, ಬೀಡಿ ಸಿಗರೇಟು ಬಿಡಿಸುವುದು, ಮಾತ್ರೆ ಒಂದು ದಿನವೂ ತಪ್ಪದಂತೆ ನೋಡುವುದು. ಮರೆವಿರುವವರ ಕೈಗೆ ಬಿಪಿ ಮಾತ್ರೆಯ ಹೊಣೆ ಬಿಡಬೇಡಿ.

ಅಪ್ಪ ರಾತ್ರಿ ಹಜಾರದಲ್ಲಿ ಮಕ್ಕಳು ಕೂತಿದ್ದಾರೆ ಅಂತಾರೆ. ಗಾಳಿ ಸೋಕಿದೆ ಅಂತ ಅಮ್ಮ ಹೇಳ್ತಾರೆ. ಏನು ಮಾಡೋದು?

ನನ್ನಪ್ಪ ಹೇಳಿದ್ದೂ ಇದನ್ನೇ. ಮೂರು ಮಕ್ಕಳು, ಒಬ್ಬಳಿಗೆ ಹಸಿರು ಲಂಗ, ಮಾತಾಡುವುದಿಲ್ಲ, ಸುಮ್ಮನೆ ನೋಡುತ್ತಾರೆ. ಅಮ್ಮ ನಿಂಬೆಹಣ್ಣು ಇಳಿಸಿದರು, ತಾಯಿತ ಕಟ್ಟಿಸಿದರು. ನಾನು "ಯಾರೂ ಇಲ್ಲ ಅಪ್ಪ, ನಿಮಗೆ ಭ್ರಮೆ" ಅಂತ ಜಗಳಕ್ಕೆ ನಿಂತೆ. ಎರಡರಿಂದಲೂ ಪ್ರಯೋಜನವಾಗಲಿಲ್ಲ.

ಇಷ್ಟು ಸ್ಪಷ್ಟವಾಗಿ ಮನುಷ್ಯರು, ಮಕ್ಕಳು, ಪ್ರಾಣಿಗಳು ಕಾಣುವುದು ಲೂಯಿ ಬಾಡಿ ಡಿಮೆನ್ಷಿಯಾದ ದೊಡ್ಡ ಗುರುತು. ಇನ್ನೂ ಮೂರು ಗುರುತುಗಳಿವೆ. ಒಂದು ಗಂಟೆ ಚುರುಕಾಗಿದ್ದವರು ಮುಂದಿನ ಗಂಟೆ ಮಂಕಾಗಿ ಕೂರುತ್ತಾರೆ. ನಡಿಗೆ ಚಿಕ್ಕದಾಗಿ, ಮೈ ಬಿಗಿದು ಪಾರ್ಕಿನ್ಸನ್ಸ್‌ನಂತೆ ಕಾಣುತ್ತದೆ. ನಿದ್ದೆಯಲ್ಲಿ ಕೂಗುವುದು, ಒದೆಯುವುದು ಎಲ್ಲಕ್ಕಿಂತ ವರ್ಷಗಳ ಮುಂಚೆಯೇ ಶುರುವಾಗಿರಬಹುದು. ಅಮ್ಮ ಹತ್ತು ವರ್ಷದಿಂದ ಬೇರೆ ಹಾಸಿಗೆಯಲ್ಲಿ ಮಲಗುತ್ತಿದ್ದರು, ನಿದ್ದೆಯಲ್ಲಿ ಅಪ್ಪ ಕೈ ಬೀಸುತ್ತಾರೆ ಅಂತ. ಯಾರೂ ಅದನ್ನು ಡಾಕ್ಟರಿಗೆ ಹೇಳಿರಲಿಲ್ಲ, ಕೇಳಿಯೂ ಇರಲಿಲ್ಲ. ಪಾರ್ಕಿನ್ಸನ್ಸ್ ಬಂದು ವರ್ಷಗಳಾದ ಮೇಲೆ ಮರೆವು ಬಂದರೆ ಅದನ್ನು ಪಾರ್ಕಿನ್ಸನ್ಸ್ ಡಿಮೆನ್ಷಿಯಾ ಅನ್ನುತ್ತಾರೆ. ಎರಡೂ ಒಂದೇ ಬಳ್ಳಿಯ ಕಾಯಿ.

ಈಗ ಮುಖ್ಯವಾದ ಮಾತು. ಒಂದು ರಾತ್ರಿ ಅಪ್ಪ ತುಂಬ ಗಲಾಟೆ ಮಾಡಿದರೆಂದು ಒಂದು ಆಸ್ಪತ್ರೆಗೆ ಕರೆದೊಯ್ದೆವು. ಶಾಂತವಾಗಲೆಂದು ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟರು. ಬೆಳಿಗ್ಗೆ ಅಪ್ಪ ಮರದ ಹಾಗೆ ಸೆಟೆದುಕೊಂಡಿದ್ದರು, ನೀರು ನುಂಗಲೂ ಆಗಲಿಲ್ಲ. ಚೇತರಿಸಿಕೊಳ್ಳಲು ವಾರಗಳೇ ಹಿಡಿದವು. ಲೂಯಿ ಬಾಡಿ ಇರುವವರಿಗೆ ಈ ಜಾತಿಯ ಮನೋರೋಗದ ಔಷಧಿಗಳು ಜೀವಕ್ಕೇ ಅಪಾಯ ತರಬಲ್ಲವು. ಒಂದು ಚೀಟಿಯಲ್ಲಿ "ಲೂಯಿ ಬಾಡಿ ಡಿಮೆನ್ಷಿಯಾ, ಹ್ಯಾಲೊಪೆರಿಡಾಲ್ ಕೊಡಬೇಡಿ" ಅಂತ ಬರೆದು ಆಧಾರ್ ಕಾರ್ಡಿನ ಜೊತೆ ಇಡಿ. ಅರ್ಧರಾತ್ರಿಯಲ್ಲಿ ನೋಡುವ ಡ್ಯೂಟಿ ಡಾಕ್ಟರಿಗೆ ನಿಮ್ಮ ಮನೆಯ ಕಥೆ ಗೊತ್ತಿರುವುದಿಲ್ಲ.

ಮಕ್ಕಳು ಕಂಡರೆ ಏನು ಮಾಡಬೇಕು? ಮೊದಲು ಕೋಣೆಗೆ ಬೆಳಕು ಹಾಕಿ, ಕಣ್ಣು ಪರೀಕ್ಷೆ ಮಾಡಿಸಿ, ಗೂಟಕ್ಕೆ ನೇತುಹಾಕಿದ ಶರ್ಟು ಟವಲು ತೆಗೆಯಿರಿ. ಅಪ್ಪನಿಗೆ ಹೆದರಿಕೆ ಇಲ್ಲದಿದ್ದರೆ ಬಿಡಿ. "ಮಕ್ಕಳಿಗೆ ನಿದ್ದೆ ಬಂತಂತೆ, ನಾವೂ ಮಲಗೋಣ" ಅಂದರೆ ಅಪ್ಪ ಎದ್ದು ಬರುತ್ತಿದ್ದರು. ಕೂತವರು ತಟ್ಟನೆ ಎದ್ದರೆ ಬಿಪಿ ಇಳಿದು ಬೀಳುತ್ತಾರೆ, ಅದಕ್ಕೆ ಬಚ್ಚಲಲ್ಲಿ ಹಿಡಿದುಕೊಳ್ಳುವ ಕಂಬಿ ಹಾಕಿಸಿ, ಜಾರದ ಮ್ಯಾಟ್ ಹಾಸಿ.

ಯಜಮಾನರಿಗೆ 54. ನೆನಪು ಚೆನ್ನಾಗಿದೆ, ಸ್ವಭಾವವೇ ಬೇರೆಯಾಗಿದೆ. ಇದೂ ಡಿಮೆನ್ಷಿಯಾನಾ?

ಇರಬಹುದು. ಫ್ರಂಟೋಟೆಂಪೊರಲ್ ಬಗೆ ಹೆಚ್ಚಾಗಿ 45ರಿಂದ 65ರೊಳಗೆ ಬರುತ್ತದೆ. ನಾಚಿಕೆ ಸ್ವಭಾವದವರು ಅಪರಿಚಿತರ ಮುಂದೆ ಹೇಳಬಾರದ್ದು ಹೇಳುತ್ತಾರೆ, ಯಾರು ಸತ್ತರೂ ಕಣ್ಣಲ್ಲಿ ನೀರಿಲ್ಲ, ಸಿಹಿ ಕಂಡರೆ ಬಿಡುವುದಿಲ್ಲ, ಕೇಳಿದವರಿಗೆಲ್ಲ ದುಡ್ಡು ಕೊಡುತ್ತಾರೆ. ಕೆಲವರಲ್ಲಿ ನಡವಳಿಕೆ ಸರಿಯಿದ್ದು, ಮಾತು ಮಾತ್ರ ಕಳಚಿಕೊಳ್ಳುತ್ತಾ ಹೋಗುತ್ತದೆ. ಈ ಮನೆಗಳ ಹೆಂಡತಿಯರಷ್ಟು ಒಂಟಿಯಾದವರನ್ನು ನಾನು ಕಂಡಿಲ್ಲ. "ಗಂಡನ ಜೊತೆ ಹೊಂದಿಕೊಳ್ಳೋಕೆ ಬರಲ್ಲ" ಅಂತ ಅವರಿಗೇ ಬುದ್ಧಿ ಹೇಳುತ್ತಾರೆ. ನರರೋಗ ತಜ್ಞರಿಗೆ ತೋರಿಸಿ. ಎಟಿಎಂ ಕಾರ್ಡು, ಯುಪಿಐ, ಕಾರಿನ ಕೀಲಿ ಇವಕ್ಕೆ ಬೇಗ ವ್ಯವಸ್ಥೆ ಮಾಡಿ. ಅಲ್ಜೈಮರ್ಸ್‌ಗೆ ಕೊಡುವ ಡೊನೆಪೆಜಿಲ್ ಮಾತ್ರೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಕೆಲವರಲ್ಲಿ ಚಡಪಡಿಕೆ ಹೆಚ್ಚಿಸುತ್ತದೆ.

ಒಬ್ಬರಿಗೇ ಎರಡು ಬಗೆ ಇರಬಹುದಾ?

ಹೌದು, 80 ದಾಟಿದವರಲ್ಲಿ ಅಲ್ಜೈಮರ್ಸ್ ಮತ್ತು ವ್ಯಾಸ್ಕ್ಯುಲರ್ ಜೊತೆಯಾಗಿರುವುದು ಸಾಮಾನ್ಯ.

ನಾನು ಅಮೆರಿಕದಲ್ಲಿದ್ದೇನೆ. ಫೋನಿನಲ್ಲಿ ಅಮ್ಮ ಸರಿಯಾಗೇ ಮಾತಾಡ್ತಾರೆ. ಅಣ್ಣ ಅತ್ತಿಗೆ ಏನೇನೋ ಹೇಳ್ತಾರಲ್ಲ?

ದಯವಿಟ್ಟು ಅತ್ತಿಗೆಯ ಮಾತು ನಂಬಿ. "ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ, ಅಲ್ಲಿ ಚಳಿನಾ" ಇಂಥ ಮಾತಿಗೆ ಹೊಸ ನೆನಪು ಬೇಕಿಲ್ಲ, ರೂಢಿ ಸಾಕು. ಹತ್ತು ನಿಮಿಷದ ವಿಡಿಯೋ ಕಾಲ್ ಅನ್ನು ಅಮ್ಮ ಚೆನ್ನಾಗಿ ನಿಭಾಯಿಸುತ್ತಾರೆ. ಫೋನ್ ಇಟ್ಟ ಮೇಲೆ "ಯಾರದು ಮಾತಾಡಿದ್ದು" ಅಂತ ಕೇಳುವುದನ್ನು ನೀವು ಕೇಳಿಸಿಕೊಂಡಿಲ್ಲ. ಬಂದಾಗ ಒಂದು ವಾರ ರಾತ್ರಿ ಹಗಲು ನೀವೇ ನೋಡಿಕೊಳ್ಳಿ, ಅಣ್ಣ ಅತ್ತಿಗೆಯನ್ನು ಎಲ್ಲಾದರೂ ಕಳಿಸಿ. ಎಲ್ಲ ಅರ್ಥವಾಗುತ್ತದೆ, ಅವರಿಗೂ ಉಸಿರಾಡಲು ಬಿಡುವು ಸಿಗುತ್ತದೆ.

ಮಾತ್ರೆಗಳಿಂದ ಉಪಯೋಗವಿದೆಯಾ?

ಸ್ವಲ್ಪ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್, ಮೆಮಂಟಿನ್ ಇವು ಕೆಲವರಲ್ಲಿ ಲಕ್ಷಣಗಳನ್ನು ಸ್ವಲ್ಪ ಕಾಲ ಹಿಡಿದಿಡುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಲೂಯಿ ಬಾಡಿಯಲ್ಲಿ ಮೊದಲೆರಡರಿಂದ ಒಳ್ಳೆಯ ಫಲ ಕಂಡವರಿದ್ದಾರೆ, ನನ್ನಪ್ಪನೂ ಒಬ್ಬರು. ವಾಕರಿಕೆ, ಭೇದಿ, ಎದೆಬಡಿತ ನಿಧಾನವಾಗುವುದು ಕಂಡರೆ ಡಾಕ್ಟರಿಗೆ ಹೇಳಿ. ಅಮಿಲಾಯ್ಡ್ ಕಸ ತೆಗೆಯುವ ಲೆಕಾನೆಮಾಬ್, ಡೊನಾನೆಮಾಬ್ ಔಷಧಿಗಳಿಗೆ ಅಮೆರಿಕದಲ್ಲಿ 2023, 2024ರಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿದೆ. ಅವು ಅಲ್ಜೈಮರ್ಸ್‌ನ ಶುರುವಿನ ಹಂತಕ್ಕೆ ಮಾತ್ರ. ವೇಗ ತಗ್ಗಿಸುತ್ತವೆ, ಹೋದ ನೆನಪು ಮರಳಿಸುವುದಿಲ್ಲ. ಮೆದುಳಲ್ಲಿ ಬಾವು, ರಕ್ತಸ್ರಾವ ಆಗುವ ಸಾಧ್ಯತೆ ಇರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. ನೆನಪಿನ ಶಕ್ತಿ ಮರಳಿಸುತ್ತೇವೆಂದು ಟಿವಿಯಲ್ಲಿ ಬರುವ ಪುಡಿ ಲೇಹ್ಯಗಳಿಗೆ ಸಾಲ ಮಾಡಿ ದುಡ್ಡು ಸುರಿಯಬೇಡಿ.

"ನನ್ನ ಬಳೆ ಸೊಸೆ ಕದ್ದಳು" ಅಂತ ಬೀದಿಗೆಲ್ಲ ಹೇಳ್ತಾರೆ. ಸಂಜೆಯಾದರೆ "ನಮ್ಮನೆಗೆ ಹೋಗ್ಬೇಕು" ಅಂತ ಹೊರಟು ನಿಲ್ತಾರೆ.

ನನಗೂ ಬಳೆಯ ಆರೋಪ ಬಂದಿತ್ತು. ಎರಡು ದಿನ ಅತ್ತೆ ಜೊತೆ ಮಾತು ಬಿಟ್ಟೆ. ಆಮೇಲೆ ತಿಳಿಯಿತು: ಎಲ್ಲಿಟ್ಟೆನೆಂಬುದು ಅವರ ತಲೆಯಲ್ಲಿಲ್ಲ. ಇದ್ದದ್ದು ಕಾಣಿಸುತ್ತಿಲ್ಲ ಅಂದರೆ ಯಾರೋ ತೆಗೆದಿರಲೇಬೇಕು, ಹತ್ತಿರ ಇರುವವಳು ನಾನೇ. ವಾದಿಸಬೇಡಿ. "ಅಯ್ಯೋ, ಬನ್ನಿ ಹುಡುಕೋಣ" ಅಂತ ಜೊತೆಗೆ ಹುಡುಕಿ. ಅವರು ಬಚ್ಚಿಡುವ ಜಾಗ ಎರಡು ಮೂರೇ ಇರುತ್ತವೆ. ನಮ್ಮ ಮನೆಯಲ್ಲಿ ದೇವರಮನೆಯ ಎಣ್ಣೆಬತ್ತಿ ಡಬ್ಬ. ಬಂಗಾರ ಲಾಕರಿಗೆ ಸೇರಲಿ, ಕೈಗೆ ಉಮಾಗೋಲ್ಡ್ ಬಳೆ ಇರಲಿ.

ಸಂಜೆಯ ತಳಮಳ ಕಾಯಿಲೆಯ ಭಾಗ. "ಇದೇ ನಿಮ್ಮನೆ" ಅಂದರೆ ಸಿಟ್ಟು ಹೆಚ್ಚುತ್ತದೆ. ಅವರು ಕೇಳುತ್ತಿರುವುದು ಬಾಲ್ಯದ ತವರಾಗಿರಬಹುದು, ಬರೀ ನೆಮ್ಮದಿಯೂ ಆಗಿರಬಹುದು. ಐದು ಗಂಟೆಗೇ ದೀಪ ಹಾಕಿ, ತಿನ್ನಲು ಏನಾದರೂ ಕೊಡಿ, "ನಿಮ್ಮೂರಲ್ಲಿ ಹೊಳೆ ಇತ್ತಾ" ಅಂತ ಕೇಳಿ, ಚಪ್ಪಲಿ ಹಾಕಿಸಿ ಬೀದಿ ಕೊನೆಯವರೆಗೆ ಹೋಗಿ ಬನ್ನಿ. ಹಸಿವು, ಮಲಬದ್ಧತೆ, ನೋವು ಇದೆಯಾ ಎಂದೂ ನೋಡಿ, ಅವರಿಗೆ ಹೇಳಲು ಬಾರದು.

ಒಬ್ಬರೇ ಹೊರಗೆ ಹೋಗಿ ಕಳೆದುಹೋದರೆ?

ಕೊರಳಿಗೋ ಕೈಗೋ ಫೋನ್ ನಂಬರಿರುವ ಪಟ್ಟಿ ಕಟ್ಟಿ, ಇತ್ತೀಚಿನ ಫೋಟೋ ಮೊಬೈಲಿನಲ್ಲಿರಲಿ. ಬೀದಿಯ ಅಂಗಡಿಯವರಿಗೆ, ಆಟೋದವರಿಗೆ ಮೊದಲೇ ಹೇಳಿಡಿ. ಮುಚ್ಚಿಟ್ಟರೆ ಮರ್ಯಾದೆ ಉಳಿಯುತ್ತದೆ ಅನ್ನುವುದು ಸುಳ್ಳು. ಕಾಣದಿದ್ದರೆ ಕಾಯದೆ 112ಕ್ಕೆ ಕರೆ ಮಾಡಿ.

ಊಟ ಬಾಯಲ್ಲೇ ಇಟ್ಟುಕೊಳ್ತಾರೆ, ಕೆಮ್ಮು ಬರುತ್ತೆ.

ಮಲಗಿಸಿ ತಿನ್ನಿಸಲೇಬೇಡಿ. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಬಾಗಿರಲಿ, ಚಿಕ್ಕ ಚಮಚ, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ನೀರು, ಮಜ್ಜಿಗೆಯಂಥ ತೆಳು ಪದಾರ್ಥವೇ ಹಲವರಿಗೆ ನೆತ್ತಿಗೆ ಹತ್ತುವುದು. ರಾಗಿ ಗಂಜಿಯ ಹದ ಸಲೀಸು. ಅನ್ನ ಸಾರನ್ನು ಒಟ್ಟಿಗೆ ಕಿವುಚಿ ಒಂದೇ ಹದಕ್ಕೆ ತನ್ನಿ. ಪದೇ ಪದೇ ಕೆಮ್ಮು, ಜ್ವರ ಬಂದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತಿರಬಹುದು, ತೋರಿಸಿ. ಕೊನೆಯ ಹಂತದಲ್ಲಿ ಮೂಗಿನ ನಳಿಕೆ ಹಾಕಿದರೆ ಆಯುಷ್ಯ ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ. ಬೇಡ ಎಂದು ತೀರ್ಮಾನಿಸಿದ ಮನೆಯವರನ್ನು "ಉಪವಾಸ ಕೆಡವಿದರು" ಅಂತ ಯಾರೂ ಆಡಿಕೊಳ್ಳಬಾರದು.

ನಮಗೂ ಬರುತ್ತಾ? ತಡೆಯೋಕಾಗುತ್ತಾ?

ಅಮ್ಮನಿಗೋ ಅಪ್ಪನಿಗೋ ಬಂದಿದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು, ಬಂದೇ ಬರುತ್ತದೆಂದಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ 14 ಅಪಾಯಗಳನ್ನು ಗುರುತಿಸಿ, ಅವನ್ನೆಲ್ಲ ನಿವಾರಿಸಿದರೆ ಸುಮಾರು ಶೇ. 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂದಿದೆ. ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಧೂಮಪಾನ, ಕುಡಿತ, ತಲೆಪೆಟ್ಟು, ಒಂಟಿತನ ಅದರಲ್ಲಿವೆ. ನಮ್ಮವರು ಅಲಕ್ಷ್ಯ ಮಾಡುವುದು ಕಿವಿ ಮತ್ತು ಕಣ್ಣನ್ನು. ಕಿವಿ ಕೇಳದಿದ್ದರೆ ಹಿಯರಿಂಗ್ ಏಡ್, ಪೊರೆ ಬಂದಿದ್ದರೆ ಆಪರೇಷನ್, ಮುಂದೂಡಬೇಡಿ. ಬೈಕಿನಲ್ಲಿ ಹೆಲ್ಮೆಟ್ ಕೂಡ ಮೆದುಳಿಗೆ ಔಷಧಿಯೇ. ಇನ್ನೊಂದು ಖುಷಿಯ ಸಂಗತಿ: ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಿಗೆ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಓದು ಬಾರದವರಲ್ಲೂ. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ ಆಡುವ ಅಜ್ಜಿ ತನಗೆ ತಿಳಿಯದೆಯೇ ಮೆದುಳಿಗೆ ವ್ಯಾಯಾಮ ಕೊಡುತ್ತಿದ್ದಾಳೆ.

ಆರೈಕೆ ಕೇಂದ್ರಕ್ಕೆ ಸೇರಿಸಿದರೆ ಹೆತ್ತವರನ್ನು ಕೈಬಿಟ್ಟ ಹಾಗಲ್ವಾ?

ಅಲ್ಲ. ರಾತ್ರಿ ನಾಲ್ಕು ಸಲ ಎದ್ದು, ಹಗಲು ಕೆಲಸಕ್ಕೆ ಹೋಗಿ, ಕೊನೆಗೆ ಒಂದು ದಿನ ಕೈ ಎತ್ತಿದವರು ನನ್ನ ಮುಂದೆ ಕೂತು ಅತ್ತಿದ್ದಾರೆ. ಅವರು ಕೆಟ್ಟವರಲ್ಲ, ನಿದ್ದೆಗೆಟ್ಟವರು. ಹಗಲು ಮಾತ್ರ ನೋಡಿಕೊಳ್ಳುವ ಕೇಂದ್ರ, ಮನೆಗೆ ಬರುವ ಸಹಾಯಕಿ, ತಿಂಗಳಿಗೆ ನಾಲ್ಕು ದಿನ ತಂಗಿಯ ಮನೆ, ಏನು ಸಿಕ್ಕರೂ ಒಪ್ಪಿಕೊಳ್ಳಿ. "ಒಬ್ಬಳೇ ನಿಭಾಯಿಸ್ತೀನಿ" ಎನ್ನುವ ಹೆಣ್ಣುಮಕ್ಕಳನ್ನು ಹೊಗಳುವುದನ್ನು ಬಿಟ್ಟು, ಮನೆಯ ಗಂಡಸರು ಒಂದು ರಾತ್ರಿಯ ಪಾಳಿ ತೆಗೆದುಕೊಳ್ಳಲಿ.

ಬ್ಯಾಂಕು, ಆಸ್ತಿ ವಿಷಯ ಯಾವಾಗ ಮಾತಾಡಬೇಕು?

ಕಾಯಿಲೆ ಗೊತ್ತಾದ ತಿಂಗಳೇ, ಅವರಿಗೆ ಇನ್ನೂ ತಿಳಿಯುತ್ತಿರುವಾಗ, ಅವರನ್ನೇ ಕೂರಿಸಿಕೊಂಡು. ಪವರ್ ಆಫ್ ಅಟಾರ್ನಿ ಇದ್ದರೆ ಸಾಕು ಅಂದುಕೊಂಡಿರುತ್ತಾರೆ. ನಮ್ಮ ಕಾನೂನಿನಲ್ಲಿ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದು ಅಲ್ಲಿಗೆ ಮುಗಿಯಿತು. ಆಮೇಲೆ ಕೋರ್ಟಿಗೆ ಹೋಗಿ ಅವರ ಗಾರ್ಡಿಯನ್ ಆಗಿ ನೇಮಕವಾಗುವುದು ದೊಡ್ಡ ಓಡಾಟ. ಜಂಟಿ ಖಾತೆ, ನಾಮಿನಿ, ವಿಲ್ ಮೊದಲೇ ಆಗಲಿ. ವಿಲ್ ಬರೆಯುವಾಗ ಅವರಿಗೆ ತಿಳಿವಳಿಕೆ ಇದೆ ಎಂದು ಡಾಕ್ಟರ ಪತ್ರ ಇಟ್ಟುಕೊಂಡರೆ ನಾಳೆ ಅಣ್ಣತಮ್ಮಂದಿರ ತಕರಾರು ತಪ್ಪುತ್ತದೆ. ಆಸ್ಪತ್ರೆ, ಐಸಿಯು, ನಳಿಕೆ ಬಗ್ಗೆ ಅವರ ಇಷ್ಟವೇನೆಂದೂ ಆಗಲೇ ಕೇಳಿ.

ಮೊದಲು ಎಲ್ಲಿಗೆ ಹೋಗಬೇಕು?

ಬೆಂಗಳೂರಿಗೆ ಬರಬಲ್ಲವರಿಗೆ ನಿಮ್ಹಾನ್ಸ್ ಇದೆ. ಬರಲಾಗದವರು ಜಿಲ್ಲಾ ಆಸ್ಪತ್ರೆಯಲ್ಲಿ ಬ್ರೇನ್ ಹೆಲ್ತ್ ಕ್ಲಿನಿಕ್ ಇದೆಯಾ ಕೇಳಿ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಶುರುಮಾಡಿದ ಯೋಜನೆಯದು. ಅಲ್ಜೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾದ ಬೆಂಗಳೂರು ಶಾಖೆ ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮನೆಯವರಿಗೆ ದಾರಿ ತೋರಿಸುತ್ತವೆ. ಹಿರಿಯರ ಸಹಾಯವಾಣಿ 14567, ಮಾನಸಿಕ ನೆರವಿನ ಟೆಲಿ ಮನಸ್ 14416. ಎರಡಕ್ಕೂ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನಿದ್ದೆ ಮಾತ್ರೆಯದೂ ಇರಲಿ.